ನಾಲ್ಕು ಅಡಿ ಬಾಲ

ಲೈಲ್ ಬ್ರಾಂಡ್‌ವೋಲ್ಡ್ ಕಾರಿಗೆ ಬಾಲ ಕಟ್ಟುತ್ತಿದ್ದಾನೆ ಎಂಬ ಸುದ್ದಿ ಸೆಪ್ಟೆಂಬರ್ ಮುಗಿಯುವಷ್ಟರಲ್ಲಿ ಹಾಲ್ವೆ ಊರಿನ ಎಲ್ಲರ ಬಾಯಲ್ಲೂ ಇತ್ತು. ಅಮೆರಿಕದ ಉತ್ತರ ಡಕೋಟದ ಆ ಬಯಲಿನಲ್ಲಿ ಗಾಳಿಗೆ ಬರವಿಲ್ಲ, ಮಾತಾಡಲು ವಿಷಯಕ್ಕೆ ಮಾತ್ರ ಬರ. ಪೆಟ್ರೋಲ್ ಬಂಕಿನಲ್ಲಿ ಕಾಫಿ ಹೀರುವವರು "ಮುಂದಿನ ತಿಂಗಳು ಕೊಂಬೂ ಇಡ್ತಾನಂತೆ" ಎಂದು ನಗುತ್ತಿದ್ದರು. ನಗಲಿ ಪಾಪ, ಅವರಿಗೇನು ಗೊತ್ತು. ಲೈಲ್‌ಗೆ ಆ ಬಾಲ ತಮಾಷೆಯಾಗಿರಲಿಲ್ಲ. ಏಳು ವರ್ಷದ ಮಗಳು ಮಾರೆನ್ ಹತ್ತಿರ ಹೋಗಲು ಅವನಿಗೆ ಉಳಿದಿದ್ದ ದಾರಿ ಅದೊಂದೇ, ಅಂದರೆ ಹಾಗಂತ ಅವನು ನಂಬಿದ್ದ.

ವಿಚ್ಛೇದನವಾದ ಮೇಲೆ ಹೆಂಡತಿ ರೆನೇ ಮಗಳನ್ನು ಕರೆದುಕೊಂಡು ತೊಂಬತ್ತನಾಲ್ಕು ಮೈಲಿ ಆಚೆಯ ಫೋರ್ಟ್ ಕೆಲ್ಬಿಗೆ ಹೋಗಿದ್ದಳು. ವಾರ ಬಿಟ್ಟು ವಾರ ಶನಿವಾರ ಬೆಳಿಗ್ಗೆ ಹತ್ತು ಗಂಟೆಗೆ, ಅಲ್ಲಿನ ಗ್ರಂಥಾಲಯದ ಮುಂದೆ ಅಪ್ಪ ಬಂದು ಮಗಳನ್ನು ಕರೆದುಕೊಂಡು ಹೋಗಬೇಕು, ಭಾನುವಾರ ಸಂಜೆ ತಂದು ಬಿಡಬೇಕು ಎಂದು ಕೋರ್ಟು ಹೇಳಿತ್ತು. ಲೈಲ್ ಎರಡು ಸಲ ತಡವಾಗಿ ಹೋದ. ಮೂರನೆಯ ಸಲ ಒಂದು ನಿಮಿಷ ತಡವಾದರೂ ತಿಂಗಳಿಗೆ ಎರಡೇ ಗಂಟೆ, ಅದೂ ಸರ್ಕಾರಿ ಕೋಣೆಯೊಂದರಲ್ಲಿ, ಇನ್ನೊಬ್ಬರು ಕುರ್ಚಿ ಹಾಕಿಕೊಂಡು ಕೂತು ನೋಡುತ್ತಿರುವಾಗ ಮಗಳ ಜೊತೆ ಆಡಬೇಕು. ಜಡ್ಜ್ ಕನ್ನಡಕ ತೆಗೆದಿಟ್ಟು ಹೇಳಿದ ಮಾತು ಅದು. ಆ ಮೂರನೆಯ ಸಲವನ್ನೂ ಆರು ವಾರ ಮುಂದಕ್ಕೆ ಹಾಕಿದ್ದ.

ಅವನ ಹತ್ತಿರ ಇದ್ದದ್ದು ಒಂದು ಹಳೆಯ, ಪುಟ್ಟ ಬ್ಯಾಟರಿ ಕಾರು. ಬ್ಯಾಟರಿಗೆ ವಯಸ್ಸಾಗಿತ್ತು. ಗಂಟೆಗೆ ಅರವತ್ತು ಮೈಲಿ ವೇಗದಲ್ಲಿ ಓಡಿಸಿದರೆ ಎಂಬತ್ತನಾಲ್ಕು ಮೈಲಿಗೆ ಮಲಗಿಬಿಡುತ್ತಿತ್ತು. ದಾರಿಯ ನಡುವೆ ಟೆಂಟ್ ಹಾಕುವವರ ಮೈದಾನವೊಂದರಲ್ಲಿ ಚಾರ್ಜ್ ಮಾಡುವ ಕಂಬ ಇತ್ತು. ಮೊದಲ ಸಲ ಅದರ ಮುಂದೆ ಯಾರೋ ದೊಡ್ಡ ವ್ಯಾನು ನಿಲ್ಲಿಸಿ ಮೀನು ಹಿಡಿಯಲು ಹೋಗಿದ್ದರು, ಎರಡನೆಯ ಸಲ ಕಂಬವೇ ಕೆಟ್ಟಿತ್ತು. ಈಗ ಅಕ್ಟೋಬರ್ ಬಂದು ಮೈದಾನಕ್ಕೆ ಬೀಗ ಬಿದ್ದಿತ್ತು. ಇನ್ನು ವಸಂತ ಬರುವ ತನಕ ಅಲ್ಲಿ ಕರೆಂಟಿಲ್ಲ.

"ಇವನು ತಡ ಮಾಡೋದು ಕಾರಿಂದ ಅಲ್ಲ ಸ್ವಾಮಿ," ಎಂದು ರೆನೇ ಕೋರ್ಟಿನಲ್ಲಿ ಹೇಳಿದ್ದಳು. "ಯಾವಾಗ್ಲೂ ಕಾರಿನ ಜೊತೇನೇ ಇರೋದ್ರಿಂದ." ಆ ಮಾತು ಲೈಲ್‌ನ ಎದೆಗೆ ಮುಳ್ಳಿನ ಹಾಗೆ ನಾಟಿತ್ತು. ತನ್ನ ಕಾರಿನಲ್ಲೇ, ತನ್ನ ಕೈಕೆಲಸದಿಂದಲೇ ಸರಿಯಾದ ಹೊತ್ತಿಗೆ ಹೋಗಿ ನಿಂತು ತೋರಿಸಬೇಕು ಎಂಬ ಹಟ ಹುಟ್ಟಿದ್ದು ಅಲ್ಲಿಂದ.

ಮನೆಗಳಿಗೆ ಬಿಸಿಗಾಳಿ ಹಾಯಿಸುವ ತಗಡಿನ ಕೊಳವೆ ಮಾಡುವುದು ಅವನ ಕಸುಬು. ಗಾಳಿಯ ಬುದ್ಧಿ ಅವನಿಗೆ ಗೊತ್ತು. ಕಾರು ಮುಂದೆ ನುಗ್ಗಿದಾಗ ಎರಡು ಪಾಲಾದ ಗಾಳಿ ಹಿಂದೆ ಬಂದು ಥಟ್ಟನೆ ಕೂಡಿಕೊಳ್ಳಲಾರದೆ ಸುಳಿ ಏಳುತ್ತದೆ, ಆ ಸುಳಿ ಕಾರನ್ನು ಹಿಂದಕ್ಕೆ ಜಗ್ಗುತ್ತದೆ. ಹಿಂಭಾಗ ಮೆಲ್ಲಗೆ ಕಿರಿದಾಗುತ್ತ ಹೋದರೆ ಜಗ್ಗಾಟ ಕಡಿಮೆ, ಅದೇ ಚಾರ್ಜಿನಲ್ಲಿ ಇನ್ನಷ್ಟು ದೂರ. ಅದಕ್ಕೇ ಈ ಬಾಲ. ನಾಲ್ಕು ಅಡಿ ಉದ್ದ, ಒಳಗೆ ಅಲ್ಯೂಮಿನಿಯಂ ಪೈಪಿನ ಚೌಕಟ್ಟು, ಮೇಲೆ ಪ್ಲಾಸ್ಟಿಕ್ ಹಾಳೆಯ ಹೊದಿಕೆ. ಹಾಳೆಗಳು ಕಳೆದ ಚುನಾವಣೆಯಲ್ಲಿ ಶೆರೀಫ್, ಅಂದರೆ ಪೊಲೀಸ್ ಮುಖ್ಯಸ್ಥನ ಹುದ್ದೆಗೆ ನಿಂತು ಸೋತ ಅಭ್ಯರ್ಥಿಯೊಬ್ಬ ಊರ ತುಂಬ ನೆಟ್ಟು ಹೋದ ಬೋರ್ಡುಗಳು. ಬಿಳಿ ಬೆನ್ನು ಹೊರಗೆ, ಅಭ್ಯರ್ಥಿಯ ಮುಖ ಒಳಗೆ. ಒಂದು ಹಾಳೆಯಂತೂ ತಲೆಕೆಳಗಾಗಿ ಹಿಂದಿನ ಗಾಜಿಗೇ ಎದುರಾಗಿ ಕೂತುಬಿಟ್ಟಿತ್ತು. ಒಳಗಿನ ಕನ್ನಡಿ ನೋಡಿದರೆ ರಸ್ತೆ ಕಾಣುತ್ತಿರಲಿಲ್ಲ, ಆ ಮಹಾಶಯನ ತಲೆಕೆಳಗಾದ ನಗು ಕಾಣುತ್ತಿತ್ತು.

ಬಾಲವನ್ನು ಕಾರಿಗೆ ಬಿಗಿಯುವುದೇ ಕಷ್ಟದ ಕೆಲಸವಾಗಿತ್ತು. ಹಿಂದಿನ ಸೀಟು ಬಿಚ್ಚಿ ನೋಡಿದಾಗ ಅದರ ನಾಲ್ಕು ಬೋಲ್ಟಿನ ತೂತುಗಳು ಬಾಲದ ಪೈಪುಗಳಿಗೆ ಅಳತೆ ಕೊಟ್ಟು ಕೊರೆಸಿದಷ್ಟು ಸರಿಯಾಗಿ ಕೂಡಿಬಂದವು. ಅವನು ಕುಣಿದಾಡಿಬಿಟ್ಟ. ಮುಂದಿನ ಪಕ್ಕದ ಸೀಟನ್ನೂ ಬಿಚ್ಚಿ, ಆ ಜಾಗಕ್ಕೆ ಹಲಗೆ ಹಾಕಿ, ಬ್ಯಾಟರಿಯ ಲೆಕ್ಕ ತೋರಿಸುವ ಮೀಟರನ್ನೂ ನೋಟ್‌ಬುಕ್ಕನ್ನೂ ಅದರ ಮೇಲಿಟ್ಟ. ಭಾರವೂ ಇಳಿಯಿತು. ಹಿಂದಿನ ಸೀಟು ಶೆಡ್ಡಿನ ಗೋಡೆಗೆ ಆತುಕೊಂಡು ಐದು ವಾರ ಒಳ್ಳೆಯ ಸೋಫಾ ಆಗಿತ್ತು. ಪಕ್ಕದ ಮನೆಯ ಆರ್ವಲ್ ದಿನಾ ಬಂದು ಅದರ ಮೇಲೆ ಕಾಲು ಚಾಚಿ ಕೂತು ಕಾಫಿ ಕುಡಿಯುತ್ತಿದ್ದ.

ಆರ್ವಲ್‌ಗೆ ಎಪ್ಪತ್ತನಾಲ್ಕು. ಹೊಲಗಳಿಗೆ ಔಷಧಿ ಸಿಂಪಡಿಸುವ ವಿಮಾನಗಳ ರಿಪೇರಿಯಲ್ಲಿ ಜೀವಮಾನ ಕಳೆದವನು. ಬಾಲದ ಮೈ ತುಂಬ ಕೆಂಪು ಉಲ್ಲನ್ನಿನ ಗೇಣುದ್ದದ ಎಳೆಗಳನ್ನು ಅಂಟಿಸಿ, ಲೈಲ್ ಕಾರು ಓಡಿಸುವಾಗ ತನ್ನ ಪಿಕಪ್ಪಿನಲ್ಲಿ ಹಿಂದೆ ಹಿಂದೆ ಬಂದು ಎಳೆಗಳನ್ನು ನೋಡುತ್ತಿದ್ದವನು ಅವನೇ. ಎಳೆ ಮೈಗಂಟಿ ಮಲಗಿದರೆ ಗಾಳಿ ಸರಾಗ, ಗಿರಗಿರ ಸುತ್ತಿದರೆ ಅಲ್ಲಿ ಸುಳಿ. ಐದು ವಾರದಲ್ಲಿ ಎಳೆಗಳೆಲ್ಲ ಮಲಗಿದವು.

ಆದರೆ ಆರ್ವಲ್‌ನದೊಂದು ನೇಮವಿತ್ತು. ಬಾಲ ಇಲ್ಲದೆ ಒಂದು ಸುತ್ತು, ಹಾಕಿ ಒಂದು ಸುತ್ತು, ಮತ್ತೆ ಬಿಚ್ಚಿ ಒಂದು ಸುತ್ತು. ಮೂರನೆಯದರ ಲೆಕ್ಕ ಮೊದಲನೆಯದಕ್ಕೆ ಹೊಂದಿದರೆ ಮಾತ್ರ ಎರಡನೆಯದನ್ನು ನಂಬಬೇಕು. ಶುಕ್ರವಾರ ಸಂಜೆ ಎರಡು ಸುತ್ತು ಮುಗಿದಿದ್ದವು.

"ಬಿಚ್ಚು, ಮೂರನೇದೂ ನೋಡಿಬಿಡೋಣ," ಎಂದ ಆರ್ವಲ್.

"ಬಿಚ್ಚೋಕೆ ನಲವತ್ತು ನಿಮಿಷ, ಮತ್ತೆ ಹಾಕೋಕೆ ಒಂದು ಗಂಟೆ. ಬೆಳಕು ಹೋಗ್ತಾ ಇದೆ. ಹದಿನೈದು ಪರ್ಸೆಂಟ್ ಉಳಿತಾಯ ಬಂದಿದೆಯಲ್ಲ, ಇನ್ನೇನ್ ಬೇಕು ನಿಮಗೆ?"

"ನನಗೇನೂ ಬೇಡ ಮಾರಾಯ. ಮಧ್ಯಾಹ್ನ ಇದ್ದ ಗಾಳಿ ಈಗಿಲ್ಲ. ಹದಿನೈದರಲ್ಲಿ ಬಾಲದ್ದೆಷ್ಟು, ಗಾಳಿದೆಷ್ಟು? ಹೇಳು ನೋಡೋಣ."

"ನೀವು ಸುಮ್ನೆ ಹೊಟ್ಟೆ ಉರಿಸ್ಬೇಡಿ."

"ಸರಿ, ಉರಿಸಲ್ಲ. ನನ್ನ ಪಿಕಪ್ ತಗೊಂಡ್ ಹೋಗು. ಐವತ್ತರ ಮೇಲೆ ಏಳಲ್ಲ ಅದು, ಆದ್ರೂ ಹೋಗಿ ತಲುಪುತ್ತೆ."

"ಇಲ್ಲ," ಎಂದ ಲೈಲ್. "ನನ್ನ ಕಾರಲ್ಲೇ ಹೋಗ್ತೀನಿ."

ಆರ್ವಲ್ ಸೀಟಿನ ಮೇಲೆ ಕೂತು ಲೋಟದಲ್ಲಿ ಉಳಿದಿದ್ದ ಕಾಫಿ ಮುಗಿಸಿದ.

ಶನಿವಾರ ಬೆಳಿಗ್ಗೆ ಎಂಟು ಗಂಟೆ ಎಂಟು ನಿಮಿಷಕ್ಕೆ ಲೈಲ್ ಹೊರಟ. ಚಾರ್ಜ್ ನೂರಕ್ಕೆ ನೂರು. ಐವತ್ತೈದರ ವೇಗ ಹಿಡಿದರೆ ಹತ್ತಕ್ಕೆ ಏಳೆಂಟು ನಿಮಿಷ ಇರುವಾಗ ಗ್ರಂಥಾಲಯದ ಮುಂದೆ ಇರಬೇಕು. ಯಾವ ಮೈಲಿಗೆ ಎಷ್ಟು ಚಾರ್ಜ್ ಉಳಿದಿರಬೇಕು ಎಂದು ಚೀಟಿ ಬರೆದು ಮೀಟರಿನ ಪಕ್ಕ ಅಂಟಿಸಿಕೊಂಡಿದ್ದ. ಆರ್ವಲ್ ಶೆಡ್ಡಿನ ಬಾಗಿಲಲ್ಲಿ ಕಾಫಿ ಲೋಟ ಹಿಡಿದು ಕೈ ಬೀಸಿದ.

ಹೊರಗೆ ನೀರು ಹೆಪ್ಪುಗಟ್ಟುವ ಚಳಿ. ಹೀಟರ್ ಹಾಕಿದರೆ ಚಾರ್ಜ್ ತಿನ್ನುತ್ತದೆಂದು ಹಾಕಲಿಲ್ಲ. ಎರಡು ಸ್ವೆಟರ್ ತೊಟ್ಟು, ಟೊಪ್ಪಿ ಕಿವಿಯವರೆಗೆ ಎಳೆದುಕೊಂಡಿದ್ದ. ಅವನ ಉಸಿರಿಗೇ ಮುಂದಿನ ಗಾಜು ಮಂಜಾಗುತ್ತಿತ್ತು. ಒಂದು ಕೈಯಲ್ಲಿ ಬಟ್ಟೆ ಹಿಡಿದು ಒರೆಸುತ್ತ, ಇನ್ನೊಂದು ಕೈಯಲ್ಲಿ ಸ್ಟೀರಿಂಗ್ ಹಿಡಿದು ಓಡಿಸಿದ. ಹದಿನೈದನೆಯ ಮೈಲಿಗೆ ಚೀಟಿ ಎಂಬತ್ತೈದು ಎಂದಿತು, ಮೀಟರ್ ಎಂಬತ್ತನಾಲ್ಕು ಎಂದಿತು. ಪರವಾಗಿಲ್ಲ, ಒಂದು ತಾನೆ ಎಂದುಕೊಂಡ.

ಇಪ್ಪತ್ತೆರಡನೆಯ ಮೈಲಿಯ ಹತ್ತಿರ ಹಿಂದಿನಿಂದ ಪಟಪಟ ಸದ್ದು ಕೇಳತೊಡಗಿತು. ಕನ್ನಡಿಯಲ್ಲಿ ನೋಡಿದರೆ ಶೆರೀಫ್ ಅಭ್ಯರ್ಥಿಯ ನಗು ನಡುಗುತ್ತಿತ್ತು. ಚಳಿಗೆ ಟೇಪಿನ ಅಂಟು ಸತ್ತು ಹಾಳೆಯ ಒಂದು ಅಂಚು ಬಿಟ್ಟುಕೊಂಡಿತ್ತು. ನಿಲ್ಲಿಸಿದರೆ ಹೊತ್ತು ಹೋಗುತ್ತದೆ, ನಿಲ್ಲಿಸದಿದ್ದರೆ ಬಾಲವೇ ಹೋಗುತ್ತದೆ. ಪಕ್ಕಕ್ಕೆ ಹಾಕಿ ಇಳಿದು ಓಡಿದ. ಮರಗಟ್ಟಿದ ಬೆರಳಿಗೆ ಟೇಪು ಕಚ್ಚಿಕೊಳ್ಳುತ್ತಲೇ ಇರಲಿಲ್ಲ. ಹಲ್ಲಿನಿಂದ ಹರಿದು, ಅಂಗೈಯಿಂದ ಉಜ್ಜಿ ಬಿಸಿ ಮಾಡಿ, ಮೂರು ಪದರ ಒತ್ತಿ, ಮತ್ತೆ ಬಂದು ಕೂತ. ಎರಡು ನಿಮಿಷ ಹೋಯಿತು. ಪಾಪಿ ಟೇಪು.

ಮೂವತ್ತನೆಯ ಮೈಲಿಗೆ ಅರವತ್ತೊಂಬತ್ತು ಇರಬೇಕಾಗಿತ್ತು. ಇದ್ದದ್ದು ಅರವತ್ತೈದು.

ಅವನು ಚೀಟಿಯನ್ನೂ ಮೀಟರನ್ನೂ ಇನ್ನೊಮ್ಮೆ ನೋಡಿದ. ಹದಿನೈದು ಪರ್ಸೆಂಟ್ ಸುಳ್ಳು. ಅದರಲ್ಲಿ ಅರ್ಧ ಬಾಲದ್ದು, ಇನ್ನರ್ಧ ಶುಕ್ರವಾರ ಸಂಜೆ ಬಿದ್ದುಹೋದ ಗಾಳಿಯದು. ಮೂರನೆಯ ಸುತ್ತು ಹೊಡೆದಿದ್ದರೆ ಇದು ನಿನ್ನೆಯೇ ಗೊತ್ತಾಗುತ್ತಿತ್ತು. ಆಗಲೇ ಫೋನ್ ಬಡಿದುಕೊಂಡಿತು. ಆರ್ವಲ್. "ಹೇಳಿರ್ಲಿಲ್ವಾ ನಾನು" ಅನ್ನೋಕೆ ಮಾಡ್ತಿದ್ದಾನೆ ಮುದುಕ ಎಂದು ಲೈಲ್ ಹಲ್ಲು ಕಚ್ಚಿದ. ಎತ್ತಲಿಲ್ಲ. ಐದು ನಿಮಿಷ ಬಿಟ್ಟು ಮತ್ತೆ ಬಡಿದುಕೊಂಡಿತು, ಅದಾದ ಮೇಲೆ ಇನ್ನೊಮ್ಮೆ. ಫೋನನ್ನು ಬೋರಲು ಹಾಕಿದ.

ನಲವತ್ತೇಳನೆಯ ಮೈಲಿ, ಅಂದರೆ ಸರಿಯಾಗಿ ಅರ್ಧ ದಾರಿ. ಬೀಗ ಹಾಕಿದ ಮೈದಾನದ ಗೇಟು ಎಡಗಡೆ ದಾಟಿಹೋಯಿತು. ಗಂಟೆ ಒಂಬತ್ತು ದಾಟಿ ಒಂದು ನಿಮಿಷ. ಚೀಟಿಯಲ್ಲಿ ಐವತ್ತೆರಡು, ಮೀಟರಿನಲ್ಲಿ ನಲವತ್ತಾರು. ಇದೇ ವೇಗದಲ್ಲಿ ಹೋದರೆ ಊರು ಇನ್ನೂ ಏಳು ಮೈಲಿ ಇರುವಾಗ ಕಾರು ನಿಂತುಹೋಗುತ್ತದೆ. ನಲವತ್ತೈದಕ್ಕೆ ಇಳಿಸಿದರೆ ಊರು ಸಿಗುತ್ತದೆ, ಆದರೆ ಹತ್ತು ಗಂಟೆ ತಪ್ಪುತ್ತದೆ. ನಡುವೆ ಐವತ್ತು ಇತ್ತು. ಐವತ್ತರಲ್ಲಿ ಹೊತ್ತು ಮೂರು ನಿಮಿಷ ಉಳಿಯುತ್ತದೆ, ಚಾರ್ಜ್ ಬಹುಶಃ ಏನೂ ಉಳಿಯುವುದಿಲ್ಲ. ಅವನು ಐವತ್ತಕ್ಕೆ ಇಳಿಸಿ ಕಾಲನ್ನು ಅಲ್ಲೇ ಬಿಗಿಹಿಡಿದ. ಹಿಂದಿನಿಂದ ಬಂದ ಲಾರಿಯೊಂದು ಕಿವಿ ಒಡೆಯುವಂತೆ ಹಾರ್ನ್ ಹೊಡೆದು ದಾಟಿತು, ಅದರ ಗಾಳಿಗೆ ಪುಟ್ಟ ಕಾರು ಬಾಲಸಮೇತ ಒದ್ದಾಡಿತು.

ಅರವತ್ತನೆಯ ಮೈಲಿಗೆ ಮೂವತ್ತಮೂರು. ಎಪ್ಪತ್ತಕ್ಕೆ ಇಪ್ಪತ್ತಮೂರು. ಕಾಲ್ಬೆರಳು ಇದೆಯೋ ಇಲ್ಲವೋ ತಿಳಿಯದಷ್ಟು ಮರಗಟ್ಟಿತ್ತು. ಸರ್ಕಾರಿ ಕೋಣೆಯೊಂದು ಕಣ್ಣ ಮುಂದೆ ಬಂತು. ಪ್ಲಾಸ್ಟಿಕ್ ಮೇಜು, ಯಾರೋ ಬಿಟ್ಟುಹೋದ ಅರ್ಧಂಬರ್ಧ ಆಟದ ಸಾಮಾನು, ಗೋಡೆಯ ಗಡಿಯಾರ ನೋಡುತ್ತ ಕೂತ ಅಪರಿಚಿತ ಹೆಂಗಸು. ಮಾರೆನ್ ಅವನನ್ನು ಬಿಟ್ಟು ಆ ಹೆಂಗಸಿನ ಮುಖವನ್ನೇ ನೋಡುತ್ತಾಳೆ. ದೇವರೇ ಅದು ಬೇಡ ಎಂದು ಅವನು ಗಟ್ಟಿಯಾಗಿಯೇ ಹೇಳಿಕೊಂಡ. ಚರ್ಚಿಗೆ ಹೋಗಿ ಆರು ವರ್ಷವಾಗಿತ್ತು.

ಎಪ್ಪತ್ತೆರಡನೆಯ ಮೈಲಿಯಲ್ಲಿ ರಸ್ತೆ ಆಗ್ನೇಯಕ್ಕೆ ತಿರುಗಿತು, ಅಡ್ಡ ಹೊಡೆಯುತ್ತಿದ್ದ ಗಾಳಿ ಬೆನ್ನಿಗೆ ಬಂತು. ಬಾಲ ಬೇರೆಯದೇ ದನಿಯಲ್ಲಿ ಗುನುಗಿತು. ಮೀಟರಿನ ಅಂಕಿ ಇಳಿಯುವುದು ನಿಧಾನವಾಯಿತು. ತೊಂಬತ್ತೆರಡಕ್ಕೆ ನಾಲ್ಕು ಉಳಿದಿತ್ತು. ಫೋರ್ಟ್ ಕೆಲ್ಬಿಯ ಧಾನ್ಯದ ಗೋಪುರ ಕಂಡಿತು. ಆಗ ಎದುರಿನ ಫಲಕದಲ್ಲಿ ಹಳದಿ ಆಮೆಯ ಚಿತ್ರ ಹೊತ್ತಿಕೊಂಡಿತು. ಇನ್ನು ಕಾರು ಅವನ ಮಾತು ಕೇಳುವುದಿಲ್ಲ, ತನಗೆ ಬೇಕಾದಷ್ಟೇ ಓಡುತ್ತದೆ. ಐವತ್ತಿದ್ದದ್ದು ನಲವತ್ತೆಂಟಾಯಿತು, ನಲವತ್ತಾಯಿತು. "ನಡಿ, ನಡಿ, ಇನ್ನೊಂದ್ ಚೂರು," ಎಂದು ಅವನು ಸ್ಟೀರಿಂಗ್ ಸವರಿದ. ಗ್ರಂಥಾಲಯದ ಮುಂದಿದ್ದ ಚಾರ್ಜ್ ಮಾಡುವ ಕಂಬದ ಹತ್ತಿರ ಬಂದು ನಿಂತಾಗ ಮೀಟರಿನಲ್ಲಿ ಒಂದು ಇತ್ತು.

ಗಂಟೆ ಒಂಬತ್ತು ಐವತ್ತೆಂಟು.

ರೆನೇ ತನ್ನ ಕಾರಿಗೆ ಒರಗಿ ನಿಂತಿದ್ದಳು, ಕೈಯಲ್ಲಿ ಅವನು ಬಂದ ಹೊತ್ತು ಬರೆದು ಸಹಿ ಹಾಕುವ ಕೋರ್ಟಿನ ಪುಸ್ತಕ. ಮಾರೆನ್ ತನ್ನ ನೇರಳೆ ಬಣ್ಣದ ಎತ್ತರದ ಮೆತ್ತೆಯನ್ನು ಎರಡೂ ಕೈಯಲ್ಲಿ ಅಪ್ಪಿಕೊಂಡು ನಿಂತಿದ್ದಳು. ಅವಳ ವಯಸ್ಸಿನ ಮಕ್ಕಳು ಕಾರಿನ ಸೀಟಿನ ಮೇಲೆ ಅದನ್ನಿಟ್ಟುಕೊಂಡೇ ಕೂರಬೇಕು, ಅದು ಕಾನೂನು.

"ಪಪ್ಪಾ! ಕಾರಿಗೆ ಏನಾಯ್ತು?"

"ಬಾಲ ಬಂತು ಚಿನ್ನಾ!" ಲೈಲ್‌ನ ಹಲ್ಲು ಕಟಕಟ ಎನ್ನುತ್ತಿದ್ದರೂ ಮುಖವೆಲ್ಲ ನಗು. "ನಿನ್ನ ಹತ್ರ ಸರಿಯಾದ ಟೈಮಿಗೆ ಬರೋಕೆ ಅಂತ ನಾನೇ ಮಾಡಿದ್ದು. ಗಂಟೆ ನೋಡು ರೆನೇ. ನೋಡ್ದೆಯಾ?"

"ನೋಡ್ದೆ," ಎಂದಳು ರೆನೇ. ಅವಳ ಮುಖದಲ್ಲೂ ಒಂದು ಗಳಿಗೆ ನಗುವಿನ ಹತ್ತಿರದ್ದೇನೋ ಬಂದು ಹೋಯಿತು.

ಮಾರೆನ್ ಓಡಿಬಂದು ಹಿಂದಿನ ಬಾಗಿಲು ತೆಗೆದಳು. ಒಳಗೆ ನೋಡಿದಳು. ತೋಳಲ್ಲಿದ್ದ ಮೆತ್ತೆ ನೋಡಿದಳು. ಬಾಗಿಲು ಮುಚ್ಚಿ, ಆಚೆ ಬದಿಗೆ ಹೋಗಿ ಮುಂದಿನ ಬಾಗಿಲು ತೆಗೆದು ಅಲ್ಲೂ ನೋಡಿದಳು.

"ಪಪ್ಪಾ, ಇದನ್ನ ಎಲ್ಲಿ ಇಡ್ಲಿ?"

ಲೈಲ್‌ಗೆ ಮೊದಲು ಅರ್ಥವಾಗಲಿಲ್ಲ. ಅವಳ ತಲೆಯ ಮೇಲಿಂದ ಒಳಗೆ ಇಣುಕಿದ. ಹಿಂದೆ ಎರಡು ಅಲ್ಯೂಮಿನಿಯಂ ಪೈಪು, ಮುಂದೆ ಒಂದು ಹಲಗೆ. ಐದು ವಾರ ಅವನು ಈ ಮಗುವಿನ ಹೆಸರು ಹೇಳಿಕೊಂಡು ಕೆಲಸ ಮಾಡಿದ್ದ, ಒಂದೊಂದು ಗ್ರಾಂ ಭಾರಕ್ಕೂ ಲೆಕ್ಕ ಇಟ್ಟಿದ್ದ, ಅವಳು ಕೂರುವ ಜಾಗವನ್ನೇ ಕಿತ್ತು ಗೋಡೆಗೆ ಒರಗಿಸಿದ್ದ. ನಾಚಿಕೆಯಿಂದ ಅವನ ಕಿವಿ ಕೆಂಪಾಯಿತು. ರೆನೇಯ ಕಡೆ ನೋಡಲು ಧೈರ್ಯ ಬರಲಿಲ್ಲ. ಅವಳು ಏನಾದರೂ ಅಂದಿದ್ದರೆ ಚೆನ್ನಾಗಿತ್ತು.

ಫೋನ್ ಬಡಿದುಕೊಂಡಿತು. ಈ ಸಲ ಎತ್ತಿದ.

"ಲೈಲ್! ಬೆಳಿಗ್ಗೆ ನೀನು ಹೋದ್ಮೇಲೆ ಆರಾಮಾಗಿ ಕಾಫಿ ಕುಡೀತಾ ಕೂತಿದ್ದೆ," ಆರ್ವಲ್ ಪಿಕಪ್ಪಿನ ಸದ್ದಿನ ಮೇಲೆ ಕೂಗುತ್ತಿದ್ದ. "ಅರ್ಧ ಲೋಟ ಆದ್ಮೇಲೆ ಹೊಳೀತು ಕಣೋ ಯಾವುದರ ಮೇಲೆ ಕೂತಿದ್ದೀನಿ ಅಂತ. ನಾವಿಬ್ರೂ ಎಂಥಾ ಪೆದ್ದ್ ನನ್ಮಕ್ಳು! ಎರಡೂ ಸೀಟು ಹಿಂದೆ ಹಾಕ್ಕೊಂಡ್ ಬರ್ತಿದ್ದೀನಿ. ಹತ್ತೂವರೆ ಆಗುತ್ತೆ. ನೀನು ತಲುಪಿದ್ಯಾ?"

"ತಲುಪಿದೆ," ಎಂದ ಲೈಲ್.

ರೆನೇ ಪುಸ್ತಕ ತೆರೆದು ಬರೆಯತೊಡಗಿದಳು. "ಹತ್ತೂವರೆ ಅಂತ ಬರಿ," ಎಂದ ಲೈಲ್. "ಸೀಟ್ ಬರೋದು ಆಗ್ಲೇ. ಸೀಟಿಲ್ದೆ ಬಂದಿದ್ದನ್ನ ಬಂದ ಹಾಗೆ ಅನ್ನೋಕಾಗಲ್ಲ."

"ನೀನು ಎಷ್ಟು ಹೊತ್ತಿಗೆ ಬಂದೆ ಅಂತ ಮಾತ್ರ ಕಾಗದ ಕೇಳುತ್ತೆ," ಎಂದು ಅವಳು ಪುಸ್ತಕ ತಿರುಗಿಸಿ ತೋರಿಸಿದಳು. ಒಂಬತ್ತು ಐವತ್ತೆಂಟು. "ಉಳಿದಿದ್ದು ನಾನು ಕೇಳ್ತೀನಿ. ಮೆಲ್ಲಗೆ ಓಡಿಸಿದ್ರೆ ಈ ಕಾರು ದೂರ ಹೋಗುತ್ತೆ ಅಂತ ಯಾವಾಗ್ಲೂ ಹೇಳ್ತಿದ್ದವನು ನೀನೇ ಅಲ್ವಾ?"

"ಹೂಂ."

"ಒಂದು ಗಂಟೆ ಮುಂಚೆ ಎದ್ದು, ನಲವತ್ತರಲ್ಲಿ ಬಂದಿದ್ರೆ?"

ಲೈಲ್‌ನ ಲೆಕ್ಕ ತನ್ನಷ್ಟಕ್ಕೆ ತಲೆಯಲ್ಲಿ ಓಡಿತು. ಏಳೂ ಕಾಲಿಗೆ ಹೊರಟು, ಹಳೆಯ ಹಳ್ಳಿ ರಸ್ತೆ ಹಿಡಿದು, ನಲವತ್ತರಲ್ಲಿ ಬಂದರೆ ಒಂಬತ್ತೂ ಮುಕ್ಕಾಲಿಗೆ ಇಲ್ಲಿ. ಬಾಲ ಬೇಡ. ಎರಡು ಸೀಟೂ ಇದ್ದುಕೊಂಡು, ಹೀಟರ್ ಹಾಕಿಕೊಂಡು, ಇನ್ನೂ ಚಾರ್ಜ್ ಮಿಗುತ್ತಿತ್ತು. ಐದು ವಾರ, ಇಬ್ಬರು ಗಂಡಸರು, ಒಬ್ಬರಿಗೂ ಹೊಳೆದಿರಲಿಲ್ಲ.

"ಹೊಳೀಲೇ ಇಲ್ಲ," ಎಂದ.

"ಗೊತ್ತು," ಎಂದಳು ರೆನೇ. ಅದರಲ್ಲಿ ಕೋಪ ಇರಲಿಲ್ಲ, ದಣಿವಿತ್ತು. ಅವಳು ಸೀಟು ಬರುವ ತನಕ ಕಾದಳು, ಹೋಗಲಿಲ್ಲ. ಮಾರೆನ್ ನೇರಳೆ ಮೆತ್ತೆಯನ್ನು ಫುಟ್‌ಪಾತಿನ ಅಂಚಿನ ಮೇಲಿಟ್ಟು ಅದರ ಮೇಲೆ ಕೂತು, ಬಾಲಕ್ಕೆ ಅಂಟಿದ್ದ ಕೆಂಪು ಉಲ್ಲನ್ನಿನ ಎಳೆಗಳನ್ನು ಒಂದೊಂದಾಗಿ ಎಣಿಸಿದಳು.

ಆರ್ವಲ್ ಬಂದ ಮೇಲೆ ಸೀಟು ಹಾಕಲು ಹೋದರೆ ತೂತುಗಳಲ್ಲಿ ಬಾಲದ ಪೈಪುಗಳಿದ್ದವು. ಎರಡರಲ್ಲಿ ಒಂದಕ್ಕೇ ಅಲ್ಲಿ ಜಾಗ. ಲೈಲ್ ಸ್ಪ್ಯಾನರ್ ತೆಗೆದುಕೊಂಡು ಕಾರಿನೊಳಗೆ ಮಂಡಿಯೂರಿದ. ನಲವತ್ತು ನಿಮಿಷದ ಕೆಲಸ ಇಪ್ಪತ್ತರಲ್ಲಿ ಮುಗಿಯಿತು. ಬಾಲವನ್ನು ಎತ್ತಿ ಪಿಕಪ್ಪಿನ ಹಿಂದೆ ಹಾಕಿದಾಗ ಆರ್ವಲ್ ಅದರ ಬೆನ್ನು ತಟ್ಟಿ, "ಮೂರನೇ ಸುತ್ತು ಈಗ ಹೊಡೀತೀಯಾ?" ಎಂದ.

"ಹೊಡೀತೀನಿ," ಎಂದ ಲೈಲ್.

ಚಾರ್ಜ್ ತುಂಬುವ ಹೊತ್ತಿಗೆ ಮಧ್ಯಾಹ್ನ ಮೂರು ದಾಟಿತ್ತು. ಅಪ್ಪ ಮಗಳು ಹಳೆಯ ರಸ್ತೆ ಹಿಡಿದು ನಲವತ್ತರಲ್ಲಿ ಹೊರಟರು. ಹೀಟರ್ ಹಾಕಿತ್ತು. ದಾರಿಯುದ್ದಕ್ಕೂ ಮಾರೆನ್ ಹಿಂದೆ ಕೂತು ಶಾಲೆಯ ಕಥೆ ಹೇಳಿದಳು. ಯಾರ ಹಲ್ಲು ಬಿತ್ತು, ಯಾರು ಯಾರ ಜೊತೆ ಮಾತು ಬಿಟ್ಟರು, ಒಂದನ್ನೂ ಬಿಡಲಿಲ್ಲ. ಐವತ್ತನೆಯ ಮೈಲಿಯ ಹತ್ತಿರ ಮಾತು ನಿಂತಿತು. ಲೈಲ್ ತಲೆಯೆತ್ತಿ ಕನ್ನಡಿ ನೋಡಿದ. ಐದು ವಾರದಿಂದ ಆ ಶೆರೀಫ್ ಅಭ್ಯರ್ಥಿಯ ನಗು ಇದ್ದ ಜಾಗದಲ್ಲಿ ಈಗ ಅವಳ ಮುಖ ಇತ್ತು, ಬಾಯಿ ಚೂರು ತೆರೆದು ನಿದ್ದೆ ಹೋಗಿದ್ದಳು. ಅವನು ಮೀಟರ್ ಎಷ್ಟು ತೋರಿಸುತ್ತಿದೆ ಎಂದು ನೋಡಲಿಲ್ಲ. ವೇಗ ಇನ್ನಷ್ಟು ಇಳಿಸಿದ.